ಅಜ್ಜಿ ಆಡದ ಮಾತು

ಅವಳ ಕಾದಂಬರಿಗಳ ಮೇಲೆ ನಮ್ಮ ಕಡೆ ಎಲ್ಲಿ ವಿಚಾರ ಸಂಕಿರಣ ನಡೆದರೂ ವಿರೋಧವಾಗಿ ಮಾತನಾಡಲು ನನ್ನನ್ನೇ ಕರೆಯುತ್ತಾರೆ. ಇದೊಂದು ಪದ್ಧತಿ. ವಿವಾದದ ಪುಸ್ತಕ ಅಂದ ಮೇಲೆ ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು, ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ಊಟದ ವ್ಯವಸ್ಥೆಯನ್ನು ಹೊಗಳಲು ಒಬ್ಬ ಅಧ್ಯಕ್ಷರು. ಮದುವೆಯಲ್ಲಿ ಗಂಡಿನ ಕಡೆ ಹೆಣ್ಣಿನ ಕಡೆ ಇದ್ದ ಹಾಗೆ. ಫೋನ್ ಮಾಡುವ ಸಂಘಟಕರು ಪುಸ್ತಕ ಓದಿದ್ದೀರಾ ಎಂದು ಕೇಳುವುದಿಲ್ಲ. "ನಿಮ್ದು ವಿರೋಧ ಅಲ್ವಾ ಮೇಡಂ? ಹಂಗೇ ಕಾರ್ಡ್‌ನಾಗೆ ಹಾಕಿಸ್ತೀವ್ರಿ" ಎನ್ನುತ್ತಾರೆ, ಅಷ್ಟೇ.

ನ್ಯಾಮತಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಮಾತ್ರ ಒಮ್ಮೆ ಬಾಯಿಬಿಟ್ಟೇ ಹೇಳಿದರು. "ಹೆಣ್ಮಗಳ ಪುಸ್ತಕಾನ ಗಂಡಸ್ರು ಬೈದ್ರೆ ಗಲಾಟೆ ಆಗ್ತೈತ್ರಿ ಮೇಡಂ. ನೀವು ಬೈದ್ರೆ ಯಾರೂ ಏನೂ ಅನ್ನಂಗಿಲ್ಲ." ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಜಗಳಕ್ಕೆ ನನ್ನ ನಾಲಿಗೆ ಬೇಕೇ ಅನ್ನಿಸಿತು. ಆದರೂ ಆ ಭಾನುವಾರ ಹೊನ್ನಾಳಿಯಿಂದ ಬಸ್ಸು ಹತ್ತಿ ಹೋದೆ, ಚೆನ್ನಾಗಿಯೇ ಬೈದು ಬಂದೆ.

ಯಾಕೆ ಹೋದೆ ಎಂದು ಕೇಳಿದರೆ ಸುತ್ತಿ ಬಳಸಿ ಹೇಳುವುದಿಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೊನ್ನಾಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ಪತ್ರಿಕೆಗಳಿಗೆ ವಿಮರ್ಶೆ ಬರೆದುಕೊಂಡು ಇರುವವಳು ನಾನು. ವಿಮರ್ಶಕರ ಭಾಷೆಯಲ್ಲಿ ಹೊಟ್ಟೆಕಿಚ್ಚಿಗೆ 'ಭಿನ್ನ ಓದು' ಎಂಬ ಒಳ್ಳೆಯ ಮಾತಿದೆ. ಆದರೆ ಅವಳ ಪುಸ್ತಕ ಇಂಗ್ಲಿಷಿಗೆ ಹೋಯಿತು ಎಂಬ ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಓದಿದಾಗ ನನ್ನ ಹೊಟ್ಟೆಯಲ್ಲಿ ಖಾರ ಕಲಸಿದ್ದು ಭಿನ್ನ ಓದಲ್ಲ. ಆ ದಿನ ಯಾವ ತಪ್ಪೂ ಮಾಡದ ಬಿ.ಎ. ಮಕ್ಕಳು ನನ್ನಿಂದ ಬೈಸಿಕೊಂಡರು.

ಚನ್ನಗಿರಿಯಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು. ನಾನು ನ್ಯಾಮತಿಯವಳು. ಅವಳು ಜಗಳೂರು ತಾಲೂಕಿನ ಒಂದು ಹಳ್ಳಿಯ ಕೇರಿಯವಳು. ಸೋದರಮಾವ ಚನ್ನಗಿರಿಯ ಹತ್ತಿರದ ಕೆರೆಬಿಳಚಿಯಲ್ಲಿದ್ದುದರಿಂದ ಅಷ್ಟು ದೂರ ಬಂದು ಸೇರಿದ್ದಳು. ಭಾನುವಾರ ತಲೆಗೆ ನೀರು ಹಾಕಿಕೊಂಡು ತಾರಸಿಯ ಮೇಲೆ ಕೂದಲು ಒಣಗಿಸುತ್ತಾ ಕೂತರೆ ಅವಳು ತನ್ನ ಅಜ್ಜಿಯ ಕಥೆ ತೆಗೆಯುತ್ತಿದ್ದಳು. ಆ ಅಜ್ಜಿ ಚಿಕ್ಕವಳಿದ್ದಾಗ ಗಣಿ ನಡೆಸುತ್ತಿದ್ದ ಬಿಳಿ ಸಾಹೇಬನೊಬ್ಬನ ಬಂಗಲೆಯಲ್ಲಿ ಕೆಲಸಕ್ಕಿದ್ದಳಂತೆ. ಅವಳು ಹೇಳುವುದು, ನಾನು ನಡುವೆ ಬಾಯಿ ಹಾಕುವುದು. ದೊರೆಸಾನಿ ಏನಂದಳು, ಅಜ್ಜಿ ಏನಂದಳು, ನಾಯಿ ಯಾವ ಬಣ್ಣದ್ದು, ಎಲ್ಲ ನನಗೆ ಬೇಕು. ಹೇಳಿದ್ದನ್ನು ವಾರದಲ್ಲಿ ಬರೆದು ನನಗೆ ಓದಿ ತೋರಿಸುತ್ತಿದ್ದಳು. ನಾನು ಹೂಂ ಅಂದರೆ ಉಳಿಯಿತು, ಮೂಗು ಮುರಿದರೆ ಹರಿದಳು. ಆಗ ಅವಳಿಗೆ ನಾನೊಬ್ಬಳೇ ಓದುಗಾರ್ತಿ, ನಾನೊಬ್ಬಳೇ ವಿಮರ್ಶಕಿ.

ಆಮೇಲೆ ಅವಳು ಜಗಳೂರಿನ ಕಚೇರಿಯೊಂದರಲ್ಲಿ ನೌಕರಿ ಹಿಡಿದಳು, ನಾನು ಹೊನ್ನಾಳಿಗೆ ಬಂದೆ, ಫೋನು ಅಪರೂಪವಾಯಿತು. ಮೊದಲ ಕಾದಂಬರಿ ಬಂದಾಗ ದುಡ್ಡು ಕೊಟ್ಟು ಕೊಂಡು ನೇರ ಮುನ್ನುಡಿಗೆ ಹೋದೆ. ಕರಡು ತಿದ್ದಿದ ಪ್ರೊಫೆಸರು, ಮುಖಪುಟ ಬರೆದವರು, ರಜೆ ಕೊಟ್ಟ ಮೇಲಧಿಕಾರಿ, ಎಲ್ಲರಿಗೂ ವಂದನೆ ಇತ್ತು. ನಾನಿರಲಿಲ್ಲ. ಹಾಲಿನಲ್ಲಿ ಹುಳಿ ಬಿದ್ದದ್ದು ಅಲ್ಲಿ. ಮುನ್ನುಡಿಯಲ್ಲಿ ಒಂದೇ ಒಂದು ಸಾಲು ನನಗೆ ಕೊಟ್ಟಿದ್ದರೆ ಇವತ್ತು ನಾನು ಪರವಾಗಿ ಮಾತನಾಡುವ ಮೇಡಂ ಆಗಿರುತ್ತಿದ್ದೆನೋ ಏನೋ.

ಆ ಕಾದಂಬರಿಯಲ್ಲಿ ಮುದುಕಿಯೊಬ್ಬಳು, ಬಂಗಲೆಯ ಬಾವಿಯಲ್ಲಿ ತನಗೆ ನೀರು ಸೇದಲು ಬಿಟ್ಟರು, ಊರ ಬಾವಿಯಲ್ಲಿ ಬಿಡಲಿಲ್ಲ, ಸ್ವಾತಂತ್ರ್ಯ ಬಂದ ಮೇಲೆ ಬಂಗಲೆಯ ಬಾವಿಯೂ ಹೋಯಿತು ಎನ್ನುತ್ತಾಳೆ. ಅಷ್ಟೇ ಸಾಕಾಯಿತು. ವಿಮರ್ಶಕರು ಎರಡು ಪಾಲಾದರು. ಬಿಳಿಯರ ಋಣ ತೀರಿಸಲು ಬರೆದ ಪುಸ್ತಕ ಎಂದವರು ಕೆಲವರು, ಇಷ್ಟು ದಿನ ಮುಚ್ಚಿಟ್ಟ ಇತಿಹಾಸ ಇದೇ ಎಂದವರು ಕೆಲವರು. ಎರಡನೆಯ ಕಾದಂಬರಿಯಲ್ಲಿ ಅವಳು ತನ್ನದೇ ಕೇರಿಯ ಮುಖಂಡರನ್ನು ಗೇಲಿ ಮಾಡಿದ ಮೇಲೆ ಬೈದವರು ಹೊಗಳಿದರು, ಹೊಗಳಿದವರು ಬೈದರು. ಬೈಗುಳ ಮಾತ್ರ ಅದದೇ, ಬಾಯಿ ಬದಲಾಯಿತು.

ನಮ್ಮ ವಿಮರ್ಶಕರು ಓದುವ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಲೇಖಕರ ಊರು, ಆಮೇಲೆ ಜಾತಿ, ಆಮೇಲೆ ಬೆನ್ನುಡಿ ಬರೆದವರು ಯಾರು, ಕೊನೆಗೆ ಕೊನೆಯ ಪುಟ. ಇಷ್ಟಾದರೆ ಲೇಖನಕ್ಕೆ ಸಾಕು. 'ವಸಾಹತೋತ್ತರ' ಎಂಬ ಮಾತನ್ನು ಇಂಗಿನ ಹಾಗೆ ಎಲ್ಲ ಸಾರಿಗೂ ಒಂದು ಚಿಟಿಕೆ ಹಾಕುತ್ತಾರೆ. ಅವಳ ಒಂದು ವಾಕ್ಯವನ್ನು ಎತ್ತಿಕೊಂಡು ಇದು ಯಾಕೆ ಇಲ್ಲಿ ತುಂಡಾಯಿತು, ಈ ಮುದುಕಿ ಯಾಕೆ ಈ ಮಾತನ್ನು ಎರಡು ಸಲ ಆಡುತ್ತಾಳೆ ಎಂದು ಕೇಳಿದವರನ್ನು ನಾನು ಕಾಣೆ. ಅದನ್ನು ಕೇಳುತ್ತಿದ್ದವಳು ನಾನು. ಬೈಯುವುದಕ್ಕೇ ಇರಲಿ, ಅವಳ ಪುಸ್ತಕಗಳನ್ನು ಮತ್ತೆ ಮತ್ತೆ ಓದಿದವಳು ನಾನು. ಮೋಹಕ್ಕೆ ಓದಿದವರಿಗಿಂತ ಮತ್ಸರಕ್ಕೆ ಓದಿದವರಿಗೆ ಪುಟ ಚೆನ್ನಾಗಿ ನೆನಪಿರುತ್ತದೆ.

ಇಷ್ಟಾದರೂ ನನ್ನ ಒಂದು ಲೇಖನಕ್ಕೂ ಅವಳು ಉತ್ತರ ಕೊಟ್ಟವಳಲ್ಲ. ಬೆನ್ನುಡಿ ನೋಡಿ ಬರೆದವರಿಗೆ ಪತ್ರಿಕೆಯಲ್ಲಿ ಉದ್ದುದ್ದ ಉತ್ತರ ಬರೆದಳು. ನನಗೆ ಒಂದು ಬೈಗುಳವೂ ಇಲ್ಲ. ಬೈಸಿಕೊಳ್ಳುವುದಕ್ಕೂ ಯೋಗ್ಯತೆ ಇಲ್ಲದವಳಾದೆನೇ ಎಂದು ಎಷ್ಟೋ ದಿನ ಕುದ್ದಿದ್ದೇನೆ. ನನಗೆ ಬೇಕಾಗಿದ್ದುದು ಅದೊಂದೇ: ಜನರ ಮುಂದೆ ಅವಳು ನನ್ನ ಕಡೆ ತಿರುಗಿ ಉತ್ತರ ಕೊಡಬೇಕು.

ಹೋದ ವರ್ಷ ಅವಳ ಹೊಸ ಕಾದಂಬರಿ ಬಂತು. ಈ ಸಲ ಪೂರ್ತಿ ಬಂಗಲೆಯ ಕಥೆ, ಪೂರ್ತಿ ಅಜ್ಜಿಯ ಕಥೆ. ಅದರ ಕೊನೆಯ ಭಾಗದಲ್ಲಿ ಸಾಹೇಬನ ಕುಟುಂಬ ಸಾಮಾನು ಕಟ್ಟಿ ಹೊರಟು ನಿಂತಿದೆ. ದೊರೆಸಾನಿ ಜಗಲಿಯ ಮೇಲಿಂದ ಕೇಳುತ್ತಾಳೆ: ನಾವು ಹೋದ ಮೇಲೆ ನಿನಗೆ ಯಾರು ದಿಕ್ಕು? ಅಂಗಳದಲ್ಲಿ ನಿಂತ ಅಜ್ಜಿ ಏನೂ ಹೇಳುವುದಿಲ್ಲ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಆ ಮೌನದ ಮೇಲೆ ವಿಮರ್ಶಕರು ಬಿದ್ದರು. ಒಬ್ಬರು ಅದನ್ನು ಗುಲಾಮಗಿರಿ ಎಂದರು. ಇನ್ನೊಬ್ಬರು ಪ್ರತಿರೋಧದ ಮೌನ ಎಂದರು. ಮತ್ತೊಬ್ಬರು ಅಂಗಳಕ್ಕೂ ಜಗಲಿಗೂ ಇರುವ ಎತ್ತರದ ವ್ಯತ್ಯಾಸದ ಮೇಲೆಯೇ ಭಾನುವಾರದ ಪುರವಣಿಯ ಅರ್ಧ ಪುಟ ತುಂಬಿಸಿದರು. ನಾನು ಓದಿ ಓದಿ ನಕ್ಕೆ. ಯಾಕೆಂದರೆ ಅಜ್ಜಿ ಸುಮ್ಮನೆ ನಿಂತಿರಲಿಲ್ಲ, ಅದು ನನಗೆ ಗೊತ್ತಿತ್ತು. ಚನ್ನಗಿರಿಯ ತಾರಸಿಯ ಮೇಲೆ ಕೇಳಿದ ಆ ಮಾತು ನನ್ನ ಕಿವಿಯಲ್ಲಿ ಹಾಗೇ ಇತ್ತು: "ನನ್ ದಿಕ್ಕು ಹಂಗಿರ್ಲಿ ಅಮ್ಮಾರೆ, ನಿಮ್ಮೂರಾಗೆ ನಿಮ್ ಬಟ್ಟೆ ಯಾರು ಒಗೀತಾರೆ?"

ಇಂಥ ಮಾತನ್ನು ಬಿಟ್ಟಿದ್ದಾಳಲ್ಲ! ಇಡೀ ಕಾದಂಬರಿ ಆ ಒಂದು ಮಾತಿಗಾಗಿ ಕಾದು ಕೂತ ಹಾಗಿದೆ, ಬಾಯಿಯ ತನಕ ಬಂದದ್ದನ್ನು ನುಂಗಿದ್ದಾಳೆ. ನನಗೆ ಕಾರಣವೂ ಹೊಳೆಯಿತು. ಇಂಗ್ಲಿಷಿನಲ್ಲಿ ಓದುವ ಹೊರಗಿನವರಿಗೆ ಮೂಕ ಅಜ್ಜಿ ಬೇಕು, ಬಾಯಿಬಡುಕಿ ಬೇಡ. ಅವರಿಗಾಗಿ ಅಜ್ಜಿಯ ನಾಲಿಗೆ ಕತ್ತರಿಸಿದ್ದಾಳೆ. ಇದು ಕರ್ನಾಟಕದಲ್ಲಿ ಬೇರೆ ಯಾವ ವಿಮರ್ಶಕರಿಗೂ ಗೊತ್ತಿಲ್ಲದ ವಿಷಯ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹೊತ್ತಿಗೆ ಸರಿಯಾಗಿ ಜಗಳೂರಿನಿಂದ ಫೋನ್ ಬಂತು. ಒಂದು ದಿನದ ಸಂಕಿರಣ, ಸ್ವತಃ ಲೇಖಕಿಯೇ ಬರುತ್ತಾರೆ, ಊಟ ಆದ ಮೇಲೆ ಅವರ ಪ್ರತಿಕ್ರಿಯೆ. "ನಿಮ್ದು ವಿರೋಧ ಅಲ್ವಾ ಮೇಡಂ?" "ಹೌದು, ದೊಡ್ಡ ಅಕ್ಷರದಲ್ಲಿ ಹಾಕಿಸ್ರಿ" ಎಂದೆ.

ಆ ದಿನ ಮುಂಜಾನೆ ಹೊನ್ನಾಳಿ ಬಿಟ್ಟು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಸೇರಿದೆ. ಸಮುದಾಯ ಭವನದ ಬಾಗಿಲಲ್ಲೇ ಮಂಡಕ್ಕಿ, ಮಿರ್ಚಿ, ಚಹಾ. ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು, ಬಣ್ಣ ಹಚ್ಚಿರಲಿಲ್ಲ. ನಾನು ಹಚ್ಚಿದ್ದೆ, ಅದಕ್ಕೂ ಸಿಟ್ಟು ಬಂತು. ಕಾಲೇಜು ಹುಡುಗಿಯರು ಅವಳ ಸುತ್ತ ಸೆಲ್ಫಿಗೆ ಮುತ್ತಿಕೊಂಡಿದ್ದರು. ನನ್ನನ್ನು ನೋಡಿ ನಕ್ಕು ಕೈ ಎತ್ತಿದಳು. ಸಂಘಟಕರು ಇಬ್ಬರಿಗೂ ಶಾಲು ಹೊದಿಸಿದರು. ಅವಳದು ಜರಿಯದು, ನನ್ನದು ಬರೀ ಅಂಚಿನದು. ವಿರೋಧಕ್ಕೆ ಎಲ್ಲ ಕಡೆಯೂ ಇದೇ ಶಾಲು.

ಪರವಾಗಿ ಮಾತನಾಡಿದವರು ಮೌನದ ಮಹತ್ವ ಹೇಳಲು ಬಹಳ ಹೊತ್ತು ಮಾತನಾಡಿದರು. ಆಮೇಲೆ ನಾನೆದ್ದೆ. ಅವತ್ತು ನಾನು ಚೆನ್ನಾಗಿ ಮಾತನಾಡಿದೆ, ಇದರಲ್ಲಿ ಸಂಕೋಚವಿಲ್ಲ. ಗುಲಾಮಗಿರಿ ಎಂದವರನ್ನೂ ಪ್ರತಿರೋಧ ಎಂದವರನ್ನೂ ಒಂದೇ ಒರಳಿಗೆ ಹಾಕಿ ಅರೆದೆ. ಕೊನೆಗೆ ಧ್ವನಿ ಇಳಿಸಿ, "ಆ ಅಜ್ಜಿ ಉತ್ತರ ಕೊಟ್ಟಿದ್ದರು. ಆ ಮಾತನ್ನು ಇದೇ ಲೇಖಕಿಯ ಬಾಯಿಂದ ಕೇಳಿದವಳು ನಾನು" ಎಂದು ಹೇಳಿ, ಆ ಮಾತನ್ನು ಆಡಿ ತೋರಿಸಿದೆ. ಹಿಂದಿನ ಸಾಲುಗಳಿಂದ ನಗು, ಸಿಳ್ಳೆ. ಹೆಂಗಸರು ಒಬ್ಬರ ಭುಜ ಒಬ್ಬರು ತಟ್ಟಿಕೊಂಡರು. "ಬಿಳಿಯರ ಮುಂದೆ ಬಾಯಿ ಬಿಟ್ಟ ಅಜ್ಜಿಯನ್ನು ಬಿಳಿಯರ ಓದಿಗಾಗಿ ಮೂಕಿ ಮಾಡಿದ ಕಾದಂಬರಿ ಇದು" ಎಂದು ಮುಗಿಸಿ ಕೂತೆ. ಅವಳ ಕಡೆ ನೋಡಿದೆ. ತಲೆ ಬಗ್ಗಿಸಿಕೊಂಡಿದ್ದಳು. ಸಿಕ್ಕಿಬಿದ್ದಳು ಎಂದುಕೊಂಡೆ.

ಊಟಕ್ಕೆ ಬಿಟ್ಟಾಗ ಅವಳೇ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದು, ಗೋಡೆಯ ಪಕ್ಕದ ಕುರ್ಚಿ ಎಳೆದುಕೊಂಡಳು.

"ಚೆನ್ನಾಗಿ ಮಾತಾಡ್ದೆ ಕಣೆ."

"ಹೊಗಳಿಕೆ ಬ್ಯಾಡ, ಉತ್ತರ ಕೊಡು" ಎಂದೆ.

"ಆ ಮಾತು ನಮ್ಮಜ್ಜಿದಲ್ಲ. ನಿಂದು."

ನನಗೆ ನಗು ಬಂತು. ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಸಿಗಲಿಲ್ಲವೇ ಅನ್ನಿಸಿತು. "ಸುಳ್ಳು ಹೇಳ್ಬ್ಯಾಡ" ಎಂದೆ.

ಅವಳು ಸಿಟ್ಟಾಗಲಿಲ್ಲ. ಅನ್ನ ಕಲಸುತ್ತಲೇ ಹೇಳಿದಳು: "ನಮ್ಮಜ್ಜಿ ಆವತ್ತು ಬಾಯೇ ಬಿಟ್ಟಿರ್ಲಿಲ್ಲ ಕಣೆ. ತಲೆ ತಗ್ಗಿಸ್ಕಂಡು ನಿಂತಿದ್ಲು ಅಂತ ನಮ್ಮವ್ವ ಹೇಳ್ತಿದ್ಲು. ನಾನು ತಾರ್ಸಿ ಮ್ಯಾಲೆ ಅಷ್ಟು ಹೇಳಿ ನಿಲ್ಸಿದ್ಕೆ ನಿಂಗೆ ಸಿಟ್ಟು ಬಂತು. 'ಅಂಥಾ ಅಜ್ಜಿ ಸುಮ್ಕೆ ಇರ್ತಾಳೇನೆ' ಅಂತ ಎದ್ದು ನಿಂತು, ಸೊಂಟಕ್ಕೆ ಕೈ ಇಟ್ಕಂಡು ನೀನೇ ಅಂದಿದ್ದು. ನಾವಿಬ್ರೂ ಬಿದ್ದು ಬಿದ್ದು ನಕ್ಕಿದ್ವಿ."

"ನಂಗೆ ಹಂಗೆ ನೆನಪಿಲ್ಲ."

"ನನ್ ಪುಸ್ತಕ ಅಷ್ಟು ಸರ್ತಿ ಓದ್ತೀಯಲ್ಲ, ನೀನೇ ನೋಡು. ಬಟ್ಲರ್ ಆಕಿನ ಬಂಗ್ಲೆ ಒಳಗೆ ಬಿಟ್ಟಿದ್ನೇನು? ಆಕಿ ಹಿತ್ಲಾಗಿನ ಗಿಡಕ್ಕೆ ನೀರು ಹಾಕೋಳು. ದೊರೆಸಾನಿ ಬಟ್ಟೆ ಮುಟ್ಟಾಕೆ ಯಾರು ಬಿಡ್ತಾರೆ ಆಕಿನ? ಊರ ಬಟ್ಟೆ ಒಗೀತಿದ್ದೋರು ನಿಮ್ಮವ್ವ."

ಬಟ್ಲರು ಅಜ್ಜಿಯನ್ನು ಒಳಗೆ ಬಿಡದ ಪ್ರಸಂಗ ಎರಡನೆಯ ಅಧ್ಯಾಯದಲ್ಲೇ ಇದೆ, ನಾನು ಅದಕ್ಕೆ ಪೆನ್ಸಿಲ್ಲಿನಿಂದ ಗೆರೆ ಬೇರೆ ಹಾಕಿದ್ದೆ. ಗೆರೆ ಹಾಕಿಯೂ ಕಾಣಲಿಲ್ಲ. ಈಗ ಕಂಡದ್ದು ನನ್ನ ಅಮ್ಮ. ನ್ಯಾಮತಿಯಲ್ಲಿ ಸರ್ಕಾರಿ ನೌಕರರ ಮನೆಗಳ ಬಟ್ಟೆ ಅವಳ ಕೈಗೆ ಬರುತ್ತಿತ್ತು. ಯಾರಿಗಾದರೂ ವರ್ಗವಾದರೆ ಅವರ ಮನೆಯಾಕೆ ಬಾಗಿಲಲ್ಲಿ ನಿಂತು, ನಾವು ಹೋದ ಮೇಲೆ ನಿನ್ನ ಗತಿ ಏನವ್ವಾ ಎಂದು ಮರುಗುವುದು. ಅಮ್ಮ ಅಲ್ಲಿ ಏನೂ ಅನ್ನದೆ, ದಾರಿಯುದ್ದಕ್ಕೂ ಗಂಟು ಹೊತ್ತುಕೊಂಡು, 'ನನ್ ಗತಿ ಹಂಗಿರ್ಲಿ, ಅಲ್ಲಿ ನಿಮ್ ಬಟ್ಟೆ ಯಾರು ಒಗೀತಾರೆ' ಎಂದು ಗೊಣಗುವುದು. ಅವಳ ಹಿಂದೆ ಸಣ್ಣ ಗಂಟು ಹೊತ್ತು ನಡೆಯುತ್ತಿದ್ದವಳು ನಾನು. ಆ ಗೊಣಗಾಟವನ್ನು ದೊರೆಸಾನಿಯ ಮುಂದೆ ಗಟ್ಟಿಯಾಗಿ ಆಡಿಸಿದ್ದೆ. ಎಷ್ಟು ಜನರ ಅಮ್ಮಂದಿರ ಬಗ್ಗೆ ವಿಮರ್ಶೆ ಬರೆದಿದ್ದೇನೆ, ನನ್ನ ಅಮ್ಮನ ಮಾತು ನನಗೇ ಗುರುತು ಸಿಗಲಿಲ್ಲ.

"ಹಂಗಾದ್ರೆ ಬರೀಬಹುದಿತ್ತಲ್ಲ. ಯಾರು ಬ್ಯಾಡ ಅಂದಿದ್ರು?" ಎಂದು ಜೋರು ಮಾಡಿದೆ.

"ಬರ್ದಿದ್ದೆ. ಆಮ್ಯಾಲೆ ತೆಗ್ದೆ. ಪುಸ್ತಕದಾಗಿನ ಬ್ಯಾರೆ ಎಲ್ಲಾ ನಮ್ಮ ಕೇರಿದು, ಅದೊಂದು ನಿಂದು. ನೀನೇ ಯಾವಾಗಾರ ಬರೀತೀಯ ಅಂತ ಬಿಟ್ಟೆ. ನೀನು ಬರೀ ನನ್ ಮ್ಯಾಲೇ ಬರಕಂತ ಕುಂತೆ."

ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಕದ್ದಳು ಎಂದು ಊರೂರಿಗೆ ಹೋಗಿ ಹೇಳುತ್ತಿದ್ದೆ. ಕಾದಂಬರಿಯ ಒಳ್ಳೆಯ ಮಾತನ್ನೇ ನನಗಾಗಿ ಎತ್ತಿಟ್ಟು, ಅದಕ್ಕೆ ಗುಲಾಮಗಿರಿ ಎಂದು ಬೈಸಿಕೊಂಡು, ಒಂದು ದಿನವೂ ಬಾಯಿಬಿಡದೆ ಕೂತಿದ್ದಳಲ್ಲ, ಆ ದೊಡ್ಡತನವನ್ನು ಕಂಡು ನನಗೆ ಮೊದಲಿನದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಅವಳ ಪುಸ್ತಕ, ಅವಳ ಓದುಗರು, ಅವಳ ಬಿಳಿ ಕೂದಲು ಎಲ್ಲ ಸಾಲದು ಎಂದು ಈಗ ಇದೂ ಅವಳದೇ ಆಯಿತು.

"ಮಧ್ಯಾಹ್ನ ನಾನು ಮಾತಾಡೋವಾಗ ಹೇಳ್ಲಾ?" ಎಂದು ಕೇಳಿದಳು. "ಆ ಮಾತು ನಿಂದು ಅಂತ ಎಲ್ರ ಮುಂದೆ ಹೇಳ್ತೀನಿ. ನಂದೇನೂ ಹೋಗಂಗಿಲ್ಲ."

ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ. ಎಲ್ಲರ ಮುಂದೆ ನನ್ನ ಕಡೆ ತಿರುಗಿ ಅವಳು ಉತ್ತರ ಕೊಡುವುದು, ಅದರಲ್ಲೂ ನನ್ನ ಮಾತು ಅವಳ ಮಾತಿಗಿಂತ ಮೇಲು ಎಂದು ಒಪ್ಪುವುದು. ಆದರೆ ಆ ಮಾತು ನನ್ನದು ಎಂದಾದರೆ ಬೆಳಿಗ್ಗೆ ನಾನು ಮಾಡಿದ ಭಾಷಣ ಬೂದಿ. ಪೆನ್ಸಿಲ್ ಗೆರೆ ಹಾಕಿಯೂ ಓದಲು ಬಾರದವಳು, ತನ್ನ ತಮಾಷೆಯನ್ನು ಸತ್ತ ಅಜ್ಜಿಯ ಬಾಯಿಗೆ ತುರುಕಿದವಳು ಎಂದು ಪರದ ಪಾಳಯದವರು ಆಡಿಕೊಳ್ಳುತ್ತಾರೆ. ಇನ್ನು ವಿರೋಧಕ್ಕೂ ಯಾರೂ ಕರೆಯುವುದಿಲ್ಲ. ಕೈ ತೊಳೆಯುವ ಕಡೆ ನಡೆಯುತ್ತಾ "ಬ್ಯಾಡ" ಎಂದೆ.

ಮಧ್ಯಾಹ್ನ ನಮ್ಮಿಬ್ಬರನ್ನೂ ವೇದಿಕೆಯ ಮೇಲೆ ಅಕ್ಕಪಕ್ಕ ಕೂರಿಸಿದರು. ಅವಳು ಮೈಕಿನ ಮುಂದೆ ಸ್ವಲ್ಪವೇ ಮಾತನಾಡಿದಳು. ಬರೆಯುವಾಗ ಕೆಲವನ್ನು ಬಿಡಬೇಕಾಗುತ್ತದೆ, ಬಿಟ್ಟದ್ದಕ್ಕೆ ಕಾರಣ ಹೇಳುವುದು ಕಷ್ಟ, ಮೇಡಂ ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ ಎಂದಳು. ಸಭೆಯಲ್ಲಿ ಗುಸುಗುಸು ಆಯಿತು. ಗೆದ್ದವಳು ನಾನು. ವಿರೋಧದ ಪಾಳಯದ ಹಿರಿಯರೊಬ್ಬರು ಕೆಳಗಿನಿಂದಲೇ ನನಗೆ ಕೈ ಮುಗಿದರು.

ಕೊನೆಗೆ ಅಧ್ಯಕ್ಷರು ಎದ್ದರು. ಪರದಲ್ಲೂ ಸತ್ಯವಿದೆ, ವಿರೋಧದಲ್ಲೂ ಸತ್ಯವಿದೆ ಎಂದರು. ಊಟದ ಹೋಳಿಗೆಯನ್ನು ಹೊಗಳಿದರು. ಆಮೇಲೆ ಅವಳ ಕಡೆ ತಿರುಗಿ, "ಲೇಖಕಿಯವರು ಆ ಮಾತನ್ನು ಬರೆಯಲಿಲ್ಲ ನಿಜ. ಆದರೆ ಅಂಥ ಮಾತಾಡಿದ ಅಜ್ಜಿ ಇದ್ದುದರಿಂದಲೇ ಅಲ್ವೇನ್ರಿ ಇಂಥ ಮೊಮ್ಮಗಳು ಹುಟ್ಟಿದ್ದು? ಆ ನಾಲಿಗೆ ಈ ರಕ್ತದಾಗೆ ಐತೆ. ಬೇರೆ ಯಾರ ಬಾಯಿಂದ ಅದು ಬರಾಕೆ ಸಾಧ್ಯ?" ಎಂದು ಕೇಳಿ, ಆ ಮಾತನ್ನು ತಾವೂ ಒಮ್ಮೆ ಆಡಿ ತೋರಿಸಿದರು. "ನಿಮ್ಮೂರಾಗೆ ನಿಮ್ ಬಟ್ಟೆ ಯಾರು ಒಗೀತಾರೆ!" ಭವನ ಎದ್ದು ನಿಂತಿತು. ಹಿಂದಿನ ಸಾಲಿನ ಹೆಂಗಸರು ಕುರ್ಚಿಯ ಮೇಲೆ ಹತ್ತಿ ನೋಡಿದರು. ಮೊಬೈಲುಗಳೆಲ್ಲ ಅವಳ ಕಡೆ ತಿರುಗಿದವು. ನಾನು ಕಟ್ಟಿದ ಒಂದು ಮಾತಿಗೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಆ ಗದ್ದಲದಲ್ಲಿ ಅವಳು ನನ್ನ ಕಡೆ ಬಗ್ಗಿದಳು. ಕಣ್ಣಲ್ಲಿ ನೀರಿತ್ತು. "ಈಗಾರ ಹೇಳ್ಲೇನೆ?" ಎಂದಳು.

"ಸುಮ್ನೆ ಕುಂತ್ಕ. ಫೋಟೊ ತೆಗೀತಿದಾರೆ, ನಗು" ಎಂದು ಹೇಳಿ, ಎಲ್ಲರೂ ನೋಡುತ್ತಿದ್ದರಲ್ಲ, ನಾನೂ ಎದ್ದು ನಿಂತು ಅವಳಿಗೆ ಚಪ್ಪಾಳೆ ತಟ್ಟಿದೆ.